ಮೊದಲನೆಯದನ್ನು ಬಿಟ್ಟು

ನಾನು ಮಾಡುತ್ತಿರುವುದು ಕಳ್ಳತನವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ ಎಂದು ಆ ಡಿಸೆಂಬರಿನ ಡೈರಿಯಲ್ಲಿ ಬರೆದುಕೊಂಡಿದ್ದೆ. ಯಾರನ್ನಾದರೂ ಕೇಳೋಣವೆಂದರೆ ಬಾಯಿ ತೆರೆಯಬೇಕು. ನನಗೆ ಬರೆಯಲು ಬರುತ್ತದೆ, ಹೇಳಲು ಬರುವುದಿಲ್ಲ.

ನಂಜನಗೂಡಿನಿಂದ ಮೊದಲ ಪ್ಯಾಸೆಂಜರ್ ಹಿಡಿದು, ಏಳು ಗಂಟೆಗೆಲ್ಲ ಮೈಸೂರಿನ ನಮ್ಮ ಕೇಂದ್ರದಲ್ಲಿರುತ್ತಿದ್ದೆ. ಗೇಟಿನ ಕಾವಲುಗಾರರು, "ಏನ್ ಮೇಡಂ, ನಮ್ಮ ಡ್ಯೂಟಿ ಮುಗಿಯೋಕ್ ಮುಂಚೆ ನಿಮ್ಮದು ಶುರುವಾಯ್ತಾ?" ಎಂದು ನಗುತ್ತಿದ್ದರು. ನಾನೂ ನಕ್ಕು ಒಳಗೆ ಹೋಗುತ್ತಿದ್ದೆ. ಅಳತೆ ಕೋಣೆಯ ದೀಪ ಹಾಕಿ, ಹನ್ನೊಂದು ಜನರ ಪಟ್ಟಿಯಲ್ಲಿ ಏಳನೇ ಸಂಖ್ಯೆಯ ಕಡತ ತೆರೆದು, ಒಂದೇ ಒಂದು ಪ್ರಶ್ನೆ ಕಳಿಸುತ್ತಿದ್ದೆ.

ಅಮ್ಮ ಎಲ್ಲಿ?

ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಪರದೆಯ ಮೂಲೆಯಲ್ಲಿ ಒಂದು ಅಂಕಿ ಮೂಡುತ್ತದೆ. ಆ ಅಂಕಿಯನ್ನು ನೋಡುವುದೇ ನನ್ನ ಉದ್ಯೋಗ. ಆದರೆ ಆ ಬೆಳಗಿನ ಅಂಕಿ ಮೂಡುವಾಗ ಮಾತ್ರ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಏಳನೇ ಸಂಖ್ಯೆ ನನ್ನ ಅಕ್ಕ ಹೈಮಾ.

ಅಕ್ಕ ತಾಲ್ಲೂಕಿನಲ್ಲಿ ಸರ್ವೇಯರ್ ಆಗಿದ್ದವಳು. ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತು, ಮೀಸೆ ತಿರುವುವ ಗಂಡಸರಿಗೆಲ್ಲ "ಕಲ್ಲು ಎಲ್ಲಿದೆಯೋ ಗಡಿ ಅಲ್ಲೇ, ಸುಮ್ನಿರಿ" ಎನ್ನುತ್ತಿದ್ದವಳು. ಹಿಂದಿನ ವರ್ಷದ ಶ್ರಾವಣದಲ್ಲಿ ಮಿದುಳು ಜ್ವರ ಬಂತು. ನಲವತ್ತು ದಿನ ಆಸ್ಪತ್ರೆಯಲ್ಲಿದ್ದು ಎದ್ದಾಗ ಮೈ ನೆಟ್ಟಗಿತ್ತು, ಮಾತು ನೆಟ್ಟಗಿತ್ತು. ಆದರೆ ಹೊಸದು ಏನೂ ಒಳಗೆ ನಿಲ್ಲುತ್ತಿರಲಿಲ್ಲ. ಹಳೆಯದರಲ್ಲೂ ಅಲ್ಲಲ್ಲಿ ತೂತು. ಮಗಳು ಮಿಂಚುಗೆ ಐದು ವರ್ಷ ಎಂಬುದು ಮರೆತು, ಎರಡು ವರ್ಷದ ಮಗುವಿನ ಅಂಗಿ ಹುಡುಕುತ್ತಿದ್ದಳು.

ಆ ನಲವತ್ತು ದಿನದ ನಡುವೆಯೇ ಅಮ್ಮ ಹೋದಳು. ಮನೆಯಲ್ಲಿ, ಹೃದಯ ನಿಂತು.

ಆ ಡಿಸೆಂಬರಿಗೆ ಎಂಟು ತಿಂಗಳ ಹಿಂದೆ ಅಕ್ಕನಿಗೆ ಸೇತು ಹಾಕಿದ್ದರು. ಕಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಒಂದು ಸಾಧನ. ಮಿದುಳು ಏನನ್ನಾದರೂ ನೆನೆಯಲು ಹೊರಟು ಅದು ಸಿಗದೆ ತಡವರಿಸಿದಾಗ, ಆ ತಡವರಿಕೆಯೇ ಒಂದು ಪ್ರಶ್ನೆಯಾಗಿ ನಮ್ಮ ಕೇಂದ್ರದ ಡೇಟಾಬೇಸಿಗೆ ಬರುತ್ತದೆ. ಉತ್ತರ ಹಿಂತಿರುಗಿ ಹೋಗುತ್ತದೆ. ಅರ್ಧ ಸೆಕೆಂಡಿನೊಳಗೆ ಹೋದರೆ, ಅದು ತನ್ನದೇ ನೆನಪು ಎಂದು ಮಿದುಳು ನಂಬಿಬಿಡುತ್ತದೆ. ಅರ್ಧ ಸೆಕೆಂಡು ದಾಟಿದರೆ ಮಿದುಳು ಕಾಯುವುದಿಲ್ಲ. ಕೈಗೆ ಸಿಕ್ಕ ಹಳೆಯದೊಂದನ್ನು ಹಿಡಿದುಕೊಂಡು ಮುಂದೆ ಹೊರಟುಬಿಡುತ್ತದೆ. ಆಮೇಲೆ ಬಂದ ಉತ್ತರ ನೆನಪಿನ ಹಾಗಿರುವುದಿಲ್ಲ, ಯಾರೋ ಬಂದು ಹೇಳಿದ ಸುದ್ದಿಯ ಹಾಗಿರುತ್ತದೆ.

ಆ ಡೇಟಾಬೇಸಿನಲ್ಲಿ ತುಂಬಲು ಮನೆಯವರು ನೆನಪುಗಳನ್ನು ಕೊಡಬೇಕು. ಬೇರೆಯವರ ಮನೆಯಲ್ಲಿ ಎಲ್ಲರೂ ಕೂತು ಮೈಕಿನ ಮುಂದೆ ಹೇಳಿದರು. ನಾನು ನನ್ನ ಹನ್ನೆರಡು ವರ್ಷದ ಡೈರಿಗಳನ್ನು ಕೊಟ್ಟೆ. ಅಮ್ಮನ ಸಾವೂ ಹಾಗೇ ಅಕ್ಕನೊಳಗೆ ಹೋಯಿತು, ನನ್ನ ಒಂದು ಸಾಲಿನ ಮೂಲಕ. "ಅಮ್ಮ ಹೋದಳು, ಬೆಳಿಗ್ಗೆ ಆರು ಹತ್ತು." ಅಕ್ಕನೆದುರು ಕೂತು ಆ ಮಾತನ್ನು ನಾನು ಯಾವತ್ತೂ ಹೇಳಲಿಲ್ಲ. ಹೇಳುವ ಕೆಲಸ ಯಂತ್ರದ್ದಾಯಿತು.

ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯಲು ನನಗೆ ಕಲಿಸಿದವಳು ಫರ್ಹಾನಾ. ಅಳತೆ ಕೋಣೆಯಲ್ಲಿ ನಾವಿಬ್ಬರೇ. ಮೊದಲ ದಿನವೇ ಅವಳು, "ನೋಡು ಪೂರ್ಣಿ, ಮೊದಲು ಒಂದ್ಸಲ ಕೇಳಿ ಎಬ್ಬಿಸಬೇಕು. ಆ ನಂಬರ್ ಬರ್ಕೋಬೇಡ. ಆಮೇಲೆ ಹತ್ತು ಸಲ ಕೇಳಿ ಸರಾಸರಿ ತೆಗೀಬೇಕು," ಅಂದಿದ್ದಳು.

"ಮೊದಲನೇದು ಯಾಕೆ ಬೇಡ?"

"ನಿನ್ನನ್ನ ನಿದ್ದೆಯಿಂದ ಎಬ್ಬಿಸಿ ಏಳೊಂದ್ಲ ಏಳರ ಮಗ್ಗಿ ಹೇಳು ಅಂದ್ರೆ ನೀನು ದಡ್ಡಿ ಅಂತ ಬರ್ಕೊಂಡುಬಿಡಲಾ? ಹಂಗೆ."

ಇದು ಎಲ್ಲಾ ಕಡೆ ಇರುವ ಪದ್ಧತಿಯೇ. ಡೇಟಾಬೇಸ್ ಎಂದರೆ ದೊಡ್ಡ ಅಡುಗೆಮನೆ ಅಂದುಕೊಳ್ಳಿ. ದಿನಾ ಬೇಕಾಗುವ ಡಬ್ಬಿಗಳು ಒಲೆಯ ಪಕ್ಕದ ಗೂಡಿನಲ್ಲಿರುತ್ತವೆ. ಮಿಕ್ಕಿದ್ದೆಲ್ಲ ಅಟ್ಟದ ಮೇಲೆ. ಅಟ್ಟದಿಂದ ಒಮ್ಮೆ ಇಳಿಸಿದ ಡಬ್ಬಿ ಸ್ವಲ್ಪ ಹೊತ್ತು ಗೂಡಿನಲ್ಲೇ ಇರುತ್ತದೆ, ಎರಡನೇ ಸಲ ಕೈ ಹಾಕಿದರೆ ತಕ್ಷಣ ಸಿಗುತ್ತದೆ. ಹತ್ತು ಹನ್ನೆರಡು ಗಂಟೆಯಲ್ಲಿ ಬೇರೆ ಡಬ್ಬಿಗಳು ಬಂದು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತವೆ. ಯಂತ್ರದ ಕಸುವು ತಿಳಿಯಬೇಕಾದರೆ ಅಟ್ಟ ಹತ್ತಿ ಇಳಿದ ಹೊತ್ತನ್ನು ಬಿಟ್ಟು ಅಳೆಯಬೇಕು ಎನ್ನುವುದು ರೂಢಿ. ನಮ್ಮ ವರದಿಯಲ್ಲಿ ಹನ್ನೊಂದು ಜನರ ಸರಾಸರಿ 0.21 ಸೆಕೆಂಡು. ಅದನ್ನು ನಂಬಿ ಯುಗಾದಿಯ ಹೊತ್ತಿಗೆ ಜಿಲ್ಲಾಸ್ಪತ್ರೆಗಳಲ್ಲಿ ನಾಲ್ಕು ಸಾವಿರ ಜನರಿಗೆ ಸೇತು ಹಾಕಲು ಸಿದ್ಧತೆ ನಡೆದಿತ್ತು.

ರೂಢಿಯ ಬಗ್ಗೆ ನನಗೆ ಅನುಮಾನ ಬಂದದ್ದು ಮಿಂಚುವಿನಿಂದ.

"ಚಿಕ್ಕಿ, ಅಮ್ಮ ಭಾನುವಾರ ಮಾತ್ರ ಯಾಕೆ ಅಳ್ತಾಳೆ?" ಎಂದು ಒಂದು ದಿನ ಕೇಳಿದಳು. ಆಗ ನಾನು ಬೆಳಗಿನ ಪ್ರಶ್ನೆ ಕಳಿಸಲು ಶುರುಮಾಡಿ ತಿಂಗಳಾಗಿತ್ತು. ಮೊದಲು ಒಂದು ದಿನ ಪರೀಕ್ಷೆಗೆಂದು ಕಳಿಸಿದ್ದೆ. ಅಂದು ಅಕ್ಕ ಅಮ್ಮನ ಸುದ್ದಿ ಬಂದಾಗ ಬೆಚ್ಚಲಿಲ್ಲ, ಮೊದಲೇ ಗೊತ್ತಿದ್ದವಳ ಹಾಗೆ ಸುಮ್ಮನೆ ಇದ್ದಳು. ಆಮೇಲೆ ಬಿಡಲಾಗಲಿಲ್ಲ. ಬೆಳಿಗ್ಗೆ ಅವಳು ಏಳುವ ಮುಂಚೆ ಒಮ್ಮೆ, ಸಂಜೆ ನಾನು ಹೊರಡುವ ಮುಂಚೆ ಒಮ್ಮೆ. ಯಂತ್ರವೇ ತಾನಾಗಿ ಕೇಳಿಕೊಳ್ಳುವ ಹಾಗೆ ಬರೆದಿಟ್ಟರೆ ದಾಖಲೆಯಲ್ಲಿ ಬೀಳುತ್ತದೆ. ಕೈಯಿಂದ ಕೇಳಿದರೆ ಅಳತೆಯ ಕೆಲಸ ಎಂದೇ ಕಾಣುತ್ತದೆ. ಭಾನುವಾರ ಕೇಂದ್ರಕ್ಕೆ ಬೀಗ.

ಅವಳು ಹಾಗೆ ಕೇಳಿದ ವಾರದ ಭಾನುವಾರ ಮಧ್ಯಾಹ್ನ ಹಿತ್ತಿಲ ಕಟ್ಟೆಯ ಮೇಲೆ ಕೂತು ನಾನೂ ಅಕ್ಕನೂ ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಬೆರಳಿನ ನಡುವೆ ಒತ್ತಿದರೆ ಕಾಳು ಸಿಪ್ಪೆಯಿಂದ ಪುಟಕ್ಕನೆ ಹಾರುತ್ತಿತ್ತು, ಮಿಂಚು ಅದನ್ನು ಹಿಡಿಯಲು ಓಡುತ್ತಿದ್ದಳು.

"ನಾನು ಹೊಲ ಅಳೀತಿದ್ದೆ. ನೀನು ಅಲ್ಲಿ ಏನೇ ಅಳೆಯೋದು?" ಎಂದಳು ಅಕ್ಕ.

"ಹೊತ್ತು."

"ಹೊತ್ತನ್ನ ಯಾರು ಒತ್ತುವರಿ ಮಾಡ್ಕೊಂಡಿದ್ದಾರೆ ಅಂತ ಅಳೀತೀಯ?"

ನಾನು ನಕ್ಕೆ. ಅಕ್ಕನೂ ನಕ್ಕಳು. ನಗುತ್ತಲೇ, "ಒಂದು ಬಟ್ಟಲು ತೆಗೆದಿಡು. ಅಮ್ಮಂಗೆ ಕಾರ ಹಾಕದೆ ಬೇರೆ ಮಾಡ್ತೀನಿ," ಎಂದಳು.

ನಾನು ಅಂಗೈಯಲ್ಲಿದ್ದ ಕಾಳು ನೋಡುತ್ತ ಎಣಿಸಿದೆ. ಒಂದು. ಎರಡು. ಮೂರು ಎನ್ನುವಷ್ಟರಲ್ಲಿ ಅಕ್ಕನ ಬೆರಳು ನಿಂತವು. ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು.

"ಪೂರ್ಣಿ... ಅಮ್ಮ ಹೋಗಿಬಿಟ್ಟಳಂತೆ ಕಣೇ."

'ಅಂತೆ' ಎಂದಳು. ಯಾರೋ ಬಾಗಿಲಲ್ಲಿ ನಿಂತು ಹೇಳಿಹೋದ ಹಾಗೆ. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು, ಅದೇ ಆಗ ಕೇಳಿದವಳ ಹಾಗೆ ಅತ್ತಳು. ಕಳೆದ ಭಾನುವಾರವೂ ಹೀಗೇ ಅತ್ತಿದ್ದಳು. ಅದರ ಹಿಂದಿನ ಭಾನುವಾರವೂ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ನಾಳೆ ಮೊದಲ ಪ್ಯಾಸೆಂಜರ್ ತಪ್ಪಿಸಬಾರದು ಎಂದುಕೊಂಡೆ, ಅಷ್ಟೆ.

ಜನವರಿ ಮೊದಲ ವಾರ ತಿಂಗಳ ತಪಾಸಣೆಗೆ ನಾಲ್ಕನೇ ಸಂಖ್ಯೆಯ ಸಿದ್ದರಾಜು ಬಂದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಟಿ. ನರಸೀಪುರದವರು. ಈ ಸಲ ಬಲಗೈಗೆ ಪ್ಲಾಸ್ಟರ್ ಇತ್ತು. ಆದರೂ ನನ್ನನ್ನು ಬಾಗಿಲಲ್ಲಿ ಕಂಡೊಡನೆ, "ಒಳಗೆ ಬನ್ನಿ, ಒಳಗೆ ಬನ್ನಿ, ಡೋರಲ್ಲಿ ನಿಲ್ಬೇಡಿ, ಹಿಂದೆ ಎಲ್ಲಾ ಖಾಲಿ ಅದೆ!" ಎಂದು ಕೂಗಿದರು. ಫರ್ಹಾನಾ ಬಿದ್ದು ಬಿದ್ದು ನಕ್ಕಳು.

ಪದ್ಧತಿಯಂತೆ ಅವಳು ಅವರ ಎಲ್ಲ ಪ್ರಶ್ನೆಗಳನ್ನೂ ಮೊದಲೇ ಒಮ್ಮೆ ಎಬ್ಬಿಸಿಟ್ಟಿದ್ದಳು. ಹೆಂಡತಿಯ ಹೆಸರು? ಪುಟ್ಟತಾಯಮ್ಮ. ಈಗ ಕೆಲಸ? ರಿಟೈರ್ಡ್, ಒಂಬತ್ತು ವರ್ಷ ಆಯ್ತು. ಎಲ್ಲವೂ ಚಕಚಕನೆ.

ಅವರು ಒಳಗೆ ರಕ್ತದೊತ್ತಡ ನೋಡಿಸಿಕೊಳ್ಳುತ್ತಿದ್ದಾಗ ಪುಟ್ಟತಾಯಮ್ಮ ನನ್ನ ಪಕ್ಕದ ಬೆಂಚಿಗೆ ಬಂದು ಕೂತರು.

"ಒಂದ್ ಮಾತ್ ಕೇಳ್ಲಾ ಮಗ? ಬಯ್ಯಂಗಿಲ್ಲ."

ನಾನು ತಲೆಯಾಡಿಸಿದೆ.

"ನಿಮ್ ಮಿಷನ್ನು ಇಲ್ಲಿ ಚಂದಾಗ್ ಓಡ್ತದೆ. ಮನೇಲಿ ಓಡಲ್ಲ ಕನವ್ವ. ಬೆಳಗ್ಗೆ ಎದ್ದು ಬಸ್ಸಿನ ಹಾರನ್ ಕೇಳುದ್ರೆ ಸಾಕು, ಡ್ಯೂಟಿಗ್ ಲೇಟಾಯ್ತು ಅಂತ ಎದ್ದು ನಡೀತರ. ಮನೆ ಮುಂದ್ಲೇ ರಸ್ತೆ. ನಾಕ್ ಹೆಜ್ಜೆ ಹಾಕುದ್ಮೇಲೆ, ಓ ನಾನು ರಿಟೈರ್ಡ್ ಆಗಿವ್ನಿ ಅಂತ ಗೊತ್ತಾಯ್ತದೆ. ಗೊತ್ತಾಗಿ ಅಲ್ಲೇ ನಿಂತ್ಕತರ, ರಸ್ತೆ ನಡೂಮಧ್ಯ. ಹೋದ ವಾರ ಆಟೋದವ್ನು ಗುದ್ಬುಟ್ಟ." ಅವರು ನನ್ನ ಮೊಣಕೈ ಮುಟ್ಟಿದರು. "ಮೊದ್ಲು ಮಿಷನ್ನು ಇಲ್ದಾಗ ಹೋಯ್ತಾನೇ ಇರೋರು. ನಾನ್ ಹಿಂದೆ ಓಡಿ ಹಿಡ್ಕತಿದ್ದೆ. ಈಗ ನಿಂತ್ಬುಡ್ತರಲ್ಲ, ಅದೇ ಕಷ್ಟ. ಅಷ್ಟ್ ಬೇಗ ನಂಗ್ ಓಡಕಾಗಲ್ಲ. ಅದ್ಯಾಕ್ ತಡವಾಗಿ ಹೇಳ್ತದೆ ಅದು?"

ನನಗೆ ಉತ್ತರ ಗೊತ್ತಿತ್ತು. ಇಡೀ ಕೇಂದ್ರದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇವರಿಗೆ ಬೆಳಿಗ್ಗೆ ಏಳು ಗಂಟೆಗೆ ಕೇಂದ್ರಕ್ಕೆ ಬಂದು ಉತ್ತರ ಎಬ್ಬಿಸಿಡುವ ತಂಗಿ ಇಲ್ಲ, ಅದಕ್ಕೆ. "ವಿಚಾರಿಸ್ತೀನಿ ಅಮ್ಮ," ಎಂದೆ. ಅವರು, "ಹೂಂ ಮಗ," ಎಂದು ನನ್ನ ತಲೆ ಸವರಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ಒಂದು ವಾರ, ಬೆಳಿಗ್ಗೆ ಏಳಕ್ಕೆ ಹೋಗಿ ಅಕ್ಕನದನ್ನಷ್ಟೇ ಎಬ್ಬಿಸುವ ಬದಲು ಹನ್ನೊಂದು ಜನರದ್ದನ್ನೂ ಒಂದೊಂದೇ ಸಲ ಕೇಳಿದೆ. ಕಿಟಕಿಯ ಕಡೆ ತಿರುಗಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡೆ. ಸಿದ್ದರಾಜು ಅವರದು 3.4 ಸೆಕೆಂಡು. ಮೂರನೆಯವರದು 4.1. ಅಕ್ಕನದು 2.9. ಹನ್ನೊಂದರಲ್ಲಿ ಒಂದೂ ಅರ್ಧ ಸೆಕೆಂಡಿನ ಹತ್ತಿರ ಇರಲಿಲ್ಲ. ನಾವು ಹತ್ತು ಸಲ ಅಳೆದದ್ದು ಯಂತ್ರವನ್ನು. ಮನೆಯಲ್ಲಿ ಮನುಷ್ಯರು ದಿನಕ್ಕೊಮ್ಮೆ ಕೇಳುತ್ತಾರೆ, ಎಲ್ಲಾ ಸಲವೂ ಅದು ಮೊದಲನೆಯ ಸಲವೇ.

ಇದನ್ನು ಕೊಟ್ಟರೆ ಏನಾಗುತ್ತದೆಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಅರ್ಧ ಸೆಕೆಂಡು ಮೀರಿದರೆ ಸರಿಪಡಿಸುವವರೆಗೂ ಸೇತು ಬಿಚ್ಚಿಡಬೇಕೆಂದು ಒಪ್ಪಂದದ ಮೊದಲ ಪುಟದಲ್ಲೇ ಇದೆ. ಬಿಚ್ಚಿದರೆ ಅಕ್ಕ ಮತ್ತೆ ಎರಡು ವರ್ಷದ ಮಿಂಚುವನ್ನು ಹುಡುಕುತ್ತಾಳೆ. ಕೊಡದಿದ್ದರೆ ನಾಲ್ಕು ಸಾವಿರ ಜನ ರಸ್ತೆಯ ನಡುವೆ ನಿಲ್ಲುತ್ತಾರೆ.

ಹೇಳಲು ಬರದವಳಾದ್ದರಿಂದ ಬರೆದೆ. ಎರಡು ಪುಟ. ಅಕ್ಕನ ಪ್ರಶ್ನೆಯನ್ನು ಗುಟ್ಟಾಗಿ ಎಬ್ಬಿಸುತ್ತಿದ್ದುದನ್ನೂ ಬಿಡದೆ ಬರೆದು ಪಂಕಜಾಕ್ಷ ಸರ್ ಮೇಜಿನ ಮೇಲಿಟ್ಟು ಬಂದೆ. ಅವರು ನಮ್ಮ ಕೇಂದ್ರದ ಮುಖ್ಯಸ್ಥರು. ಮಧ್ಯಾಹ್ನ ಕರೆಸಿದರು.

ಸರ್ ಕನ್ನಡಕ ತೆಗೆದಿಟ್ಟು ಕೂತಿದ್ದರು. "ಮೊದಲನೇದು ಬಿಡಿ ಅಂತ ಹೇಳಿಕೊಟ್ಟವನೇ ನಾನು," ಎಂದರು. "ನನಗೆ ನಮ್ಮ ಮೇಷ್ಟ್ರು ಹೇಳಿದ್ರು. ಮೂವತ್ತು ವರ್ಷ ಬಿಡ್ತಾ ಬಂದೆ ನೋಡಿ."

ಅವರು ನನ್ನ ಎರಡು ಪುಟವನ್ನು ಮತ್ತೆ ಕೈಗೆತ್ತಿಕೊಂಡರು.

"ಏಳನೇ ಸಂಖ್ಯೆ ನಿಮ್ಮಕ್ಕ. ಇದನ್ನ ಕೊಟ್ಟ ಮೇಲೆ ನಾನು ಏನು ಮಾಡಬೇಕಾಗುತ್ತೆ, ಗೊತ್ತಿದ್ದೇ ಕೊಟ್ಟಿರಾ?"

ತಲೆಯಾಡಿಸಿದೆ.

"ಸರಿಪಡಿಸೋಕೆ ಒಂದು ವರ್ಷ ಹಿಡಿಯಬಹುದು. ಹೆಚ್ಚೂ ಆಗಬಹುದು."

ಅದಕ್ಕೂ ತಲೆಯಾಡಿಸಿದೆ. ಹೊರಗೆ ಬಂದಾಗ ಫರ್ಹಾನಾ ಕಾಯುತ್ತಿದ್ದಳು. "ಮೂಗಿ, ನನಗಾದ್ರೂ ಒಂದು ಮಾತು ಹೇಳಬಾರದಿತ್ತೇನೇ?" ಎಂದು ಬೈದು, ನನಗಿಂತ ಮುಂಚೆ ತಾನೇ ಅತ್ತಳು.

ಸಂಕ್ರಾಂತಿ ಕಳೆದ ಮೇಲಿನ ಮಂಗಳವಾರ ಅಕ್ಕನನ್ನು ಕರೆತಂದೆವು. ಭಾವ ಮಿಲ್ಲಿಗೆ ರಜೆ ಹಾಕಿ ಬಂದಿದ್ದರು. ಅಕ್ಕ ಕಾಗದಕ್ಕೆ ಸಹಿ ಮಾಡುವ ಮುಂಚೆ ಪೂರ್ತಿ ಓದಿದಳು, ಅವಳು ಮೊದಲಿನಿಂದಲೂ ಹಾಗೇ. "ವಾಪಸ್ ಕೊಡ್ತೀರಿ ತಾನೆ? ಪಹಣಿ ತಿದ್ದೋಕೆ ಕೊಟ್ಟ ಹಾಗೆ ಆಗಬಾರದು," ಎಂದಳು. ಫರ್ಹಾನಾ ನಗಲು ನೋಡಿದಳು. ಹತ್ತಿಯಿಂದ ಕಿವಿಯ ಹಿಂದೆ ಒರೆಸಿ, ಹುಣಸೆಬೀಜದಂಥದ್ದನ್ನು ಬಿಚ್ಚಿ ಟ್ರೇಯಲ್ಲಿಟ್ಟಳು.

ಅಕ್ಕ ಕಣ್ಣು ಮಿಟುಕಿಸಿ ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. "ಅಮ್ಮ ಬಂದಿಲ್ವಾ?" ಎಂದಳು.

ಭಾವ ಎಲ್ಲ ಯೋಚಿಸಿಟ್ಟುಕೊಂಡಿದ್ದರು. "ಚಾಮರಾಜನಗರಕ್ಕೆ ಹೋಗಿದಾರೆ, ನಿಮ್ಮ ಚಿಕ್ಕಮ್ಮನ ಮನೆಗೆ. ಬರ್ತಾರೆ."

ಮನೆಯಲ್ಲಿ ಅದೇ ಒಪ್ಪಂದವಾಯಿತು. "ದಿನಾ ಸಾಯಿಸೋಕಿಂತ ಊರಿಗೆ ಕಳಿಸೋದು ವಾಸಿ," ಎಂದರು ಭಾವ. ಮಿಂಚುಗೂ ಹೇಳಿಕೊಟ್ಟರು. ಮಿಂಚು ಚೆನ್ನಾಗಿ ಕಲಿತಳು, ಅಜ್ಜಿ ಬರುವಾಗ ಏನೇನು ತರುತ್ತಾಳೆಂದೂ ಸೇರಿಸಿ ಹೇಳತೊಡಗಿದಳು. ನಾನು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಮೊದಲ ದಿನಗಳಲ್ಲಿ ಅಕ್ಕ "ಓ, ಹೌದಾ" ಎಂದು ಸುಮ್ಮನಾಗುತ್ತಿದ್ದಳು. ಮತ್ತೆ ಮರೆತು ಮತ್ತೆ ಕೇಳುತ್ತಿದ್ದಳು. ಆದರೆ ಎರಡು ವಾರ ಕಳೆದಂತೆ ಕೇಳುವ ಧ್ವನಿ ಬದಲಾಯಿತು. ವಿಷಯ ನಿಲ್ಲದಿದ್ದರೂ ಅದರಿಂದಾದ ನೋವು ನಿಲ್ಲುತ್ತದೆ, ಅದಿರುವ ಜಾಗವೇ ಬೇರೆ ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದು ನಿಜವಿರಬೇಕು. ಯಾಕೆಂದು ತಿಳಿಯದೆಯೇ ಅಕ್ಕ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಿದ್ದಳು. ಅಮ್ಮನ ಹೆಸರು ಬಂದರೆ ಮಾತು ತಿರುಗಿಸುತ್ತಿದ್ದಳು.

ಫೆಬ್ರವರಿಯ ಒಂದು ಸಂಜೆ ನಾನು ಬೇಗ ಮನೆಗೆ ಬಂದೆ. ಕೇಂದ್ರದಲ್ಲಿ ಅಳೆಯಲು ಏನೂ ಉಳಿದಿರಲಿಲ್ಲ. ಭಾವ ಮಿಂಚುವನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದರು. ಅಕ್ಕ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕಿವಿಯ ಹಿಂದೆ ಕೂದಲು ಬೋಳಿಸಿದ್ದ ಜಾಗದಲ್ಲಿ ಹೊಸ ಕೂದಲು ಮೊಳೆತಿತ್ತು, ಅದನ್ನು ಬೆರಳಿಂದ ತಡವುತ್ತಿದ್ದಳು.

"ಪೂರ್ಣಿ, ಬಾ ಇಲ್ಲಿ," ಎಂದಳು. "ನಾನು ಅಮ್ಮಂಗೆ ಏನಾದ್ರೂ ಅಂದಿದ್ನೇನೇ?"

"ಯಾಕಕ್ಕ?"

"ನಾನು ಆಸ್ಪತ್ರೇಲಿದ್ದೆ ಅಲ್ವಾ? ಅದೊಂದು ನೆನಪಿದೆ, ಆ ವಾಸನೆ ನೆನಪಿದೆ. ಅಮ್ಮ ಬಂದು ನನ್ನ ನೋಡಿದ್ದು ಮಾತ್ರ ನೆನಪಿಲ್ಲ. ಈಗಲೂ ಬಂದಿಲ್ಲ. ಮಗಳು ಹೀಗಾಗಿ ಕೂತಿದ್ದಾಳೆ ಅಂತ ಗೊತ್ತಿದ್ದೂ ಯಾವ ತಾಯಿ ಊರೂರು ತಿರುಗ್ತಾಳೆ ಹೇಳು? ನನ್ನ ಕಂಡ್ರೆ ಬೇಜಾರು ಬಂದುಬಿಟ್ಟಿದೆ ಅವಳಿಗೆ." ತುಟಿ ಕಚ್ಚಿಕೊಂಡಳು. "ನನಗೇನೂ ಬೇಡ. ಬರದೇ ಇದ್ರೆ ಇರಲಿ ಬಿಡು."

ಚಾಮರಾಜನಗರ ಎಂಬ ಮಾತು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಹೇಳಿದ್ದರೆ ಅರ್ಧ ಸೆಕೆಂಡೂ ಹಿಡಿಯುತ್ತಿರಲಿಲ್ಲ. ನಾನು ಅಕ್ಕನ ಎದುರು ನೆಲದ ಮೇಲೆ ಕೂತೆ. ಅವಳ ಎರಡೂ ಕೈ ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ನನಗೆ ಗೊತ್ತಿಲ್ಲ, ಅಕ್ಕ ಮಾತ್ರ ಕೈ ಬಿಡಿಸಿಕೊಳ್ಳದೆ ಕಾದಳು.

"ಅಮ್ಮ ಇಲ್ಲ ಅಕ್ಕ. ಸತ್ತುಹೋದಳು."

ಅವಳ ಬೆರಳು ನನ್ನ ಕೈಯೊಳಗೆ ಬಿಗಿಯಾದವು. "ಯಾವಾಗ?"

"ನೀನು ಆಸ್ಪತ್ರೇಲಿದ್ದಾಗ."

"ನೀನಿದ್ದೆಯಾ ಹತ್ರ?"

"ಇದ್ದೆ."

ಅಕ್ಕ ಅಳಲಿಲ್ಲ. ನನ್ನನ್ನೇ ನೋಡುತ್ತ, ಉತ್ತರ ಏನು ಬಂದರೂ ಸರಿ ಎನ್ನುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಬಹಳ ಮೆಲ್ಲಗೆ ಕೇಳಿದಳು. "ನನ್ನ ಕೇಳಿದಳಾ?"

"ನಿನ್ನನ್ನೇ ಕೇಳಿದ್ದು ಅಕ್ಕ. ಹೈಮಾ, ಹೈಮಾ ಅಂತ ಒಂದೇ ಸಮ ಕರೀತಿದ್ದಳು. ಕೊನೇಲಿ ಕಣ್ಣು ಕಾಣಿಸ್ತಿರಲಿಲ್ಲ ಅವಳಿಗೆ. ನಾನು ಕೈ ಹಿಡ್ಕೊಂಡು, ಬಂದೆ ಅಮ್ಮ, ನಾನು ಹೈಮಾ ಅಂದೆ."